ಎಡಗಡೆಯ ಲೆಕ್ಕ

ಮಾರ್ಚ್ 3, ಸೋಮವಾರ

ಶುಕ್ರವಾರ ಡಿಪೋ ಮುಚ್ಚಿತು. ಇಪ್ಪತ್ತೇಳು ವರ್ಷ ದಿನಾ ಟ್ರಿಪ್ ಶೀಟ್ ಬರೆದ ಕೈ, ಎರಡು ದಿನ ಸುಮ್ಮನಿದ್ದುದಕ್ಕೇ ಚಡಪಡಿಸುತ್ತಿದೆ. ಹೆಂಡತಿ ಬೀರುವಿನಿಂದ ಯಾವುದೋ ವರ್ಷದ ಖಾಲಿ ಡೈರಿ ತೆಗೆದುಕೊಟ್ಟು, "ಇದರಲ್ಲಿ ಬರ್ಕೊಳ್ಳಿ, ನನ್ನ ತಲೆ ತಿನ್ನೋದಾದ್ರೂ ತಪ್ಪುತ್ತೆ" ಅಂದಳು. ವಾರದ ಹೆಸರು ನಾನೇ ತಿದ್ದಿಕೊಂಡಿದ್ದೇನೆ.

ವಿಷಯ ಇಷ್ಟು. ದೇಶದ ಸಾರಿಗೆಯನ್ನೆಲ್ಲ ಹೊಸದು ಮಾಡಲು ಸರ್ಕಾರ ದೊಡ್ಡ ಅನುದಾನ ಕೊಟ್ಟಿದೆ. ರಸ್ತೆಗಳು ಅಗಲವಾಗುತ್ತವೆ, ಡೀಸೆಲ್ ಬಸ್ಸಿನ ಜಾಗಕ್ಕೆ ವಿದ್ಯುತ್ ಬಸ್ಸು ಬರುತ್ತದೆ, ಲಕ್ಷಾಂತರ ಜನಕ್ಕೆ ಕೆಲಸ ಸಿಗುತ್ತದೆ ಎಂದು ಡಿಪೋ ಗೋಡೆಯ ತುಂಬ ಭಿತ್ತಿಪತ್ರ ಅಂಟಿಸಿದ್ದಾರೆ. ಪಕ್ಕದ ಗೇಟಿಗೆ ಬೀಗ ಹಾಕಿದ್ದಾರೆ. ನಮ್ಮಂಥ ಹಳೆಯ ಡ್ರೈವರುಗಳಿಗೆ ಹೊಸ ಬಸ್ಸಿನ ತರಬೇತಿ ತಂಡತಂಡವಾಗಿ ನಡೆಯುತ್ತದಂತೆ. ನನ್ನ ಸರದಿ ಏಪ್ರಿಲ್ಲಿನಲ್ಲಿ. ಅಲ್ಲಿಯವರೆಗೆ ರಸ್ತೆ ಸಮೀಕ್ಷೆಯ ಕೆಲಸ. "ಬಸ್ ಓಡಿಸಿದೋರಿಗೆ ಗಾಡಿ ಎಣಿಸೋದು ಯಾವ ಮಹಾ ಕೆಲಸ?" ಅಂದರು ಮ್ಯಾನೇಜರು. ಕೊನೆಯ ದಿನ ಒಂದು ಪ್ರಮಾಣಪತ್ರವನ್ನೂ ಕೊಟ್ಟರು. ಇಪ್ಪತ್ತೇಳು ವರ್ಷ, ಒಂದೂ ಅಪಘಾತವಿಲ್ಲ.

ಸಂಜೆ ಮೊಣಕಾಲಿಗೆ ಸ್ಟೂಲು ತಾಗಿ ಗಾಯವಾಯಿತು. ಹೇಳದೆ ಕೇಳದೆ ಸಾಮಾನು ಸರಿಸಬೇಡ ಎಂದು ಹೆಂಡತಿಗೆ ಹೇಳಿದೆ. ಸರಿಸಿಲ್ಲ ಎಂದಳು.

ಮಾರ್ಚ್ 4, ಮಂಗಳವಾರ

ನಾಲ್ಕು ರಸ್ತೆ ಕೂಡುವ ಜಾಗ. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ದೊಡ್ಡ ಕೊಡೆ, ಕ್ಲಿಪ್ ಹಾಕಿದ ಹಲಗೆ, ಹಾಳೆಗಳು. ದ್ವಿಚಕ್ರ, ಕಾರು, ಬಸ್ಸು, ಲಾರಿ, ಇತರೆ ಎಂದು ಐದು ಕಾಲಂ. ಗಾಡಿ ಹೋದಂತೆ ಗೀಟು ಎಳೆಯಬೇಕು. ನಾಲ್ಕು ಗೀಟು ನೇರಕ್ಕೆ, ಐದನೆಯದು ಅಡ್ಡಕ್ಕೆ.

ಜೊತೆಗೆ ನಮ್ಮ ಡಿಪೋದ ಕಂಡಕ್ಟರಮ್ಮನನ್ನೇ ಹಾಕಿದ್ದಾರೆ. ಒಂದೇ ಬಸ್ಸಿನಲ್ಲಿ ಆರು ವರ್ಷ ಕೆಲಸ ಮಾಡಿದವರು ನಾವು. ಹೊಸ ಬಸ್ಸಿಗೆ ಕಂಡಕ್ಟರ್ ಬೇಡ, ಕಾರ್ಡು ತೋರಿಸಿದರೆ ಬಾಗಿಲೇ ಟಿಕೆಟ್ ಕೊಡುತ್ತದೆ. ಆದ್ದರಿಂದ ಆಕೆಗೆ ತರಬೇತಿ ಇಲ್ಲ, ಎಣಿಕೆ ಮುಗಿದ ಮೇಲೆ ಏನೆಂಬುದು ಯಾರಿಗೂ ಗೊತ್ತಿಲ್ಲ. ಆದರೂ ಕೊಡೆ ನೆಟ್ಟಗೆ ನಿಲ್ಲಿಸಿ, "ಬನ್ನಿ ಡ್ರೈವರಣ್ಣ, ರೈಟ್ ರೈಟ್" ಅಂದರು.

ಎದುರಿನ ರಸ್ತೆ ಮತ್ತು ಎಡಗಡೆಯ ಆಸ್ಪತ್ರೆ ರಸ್ತೆ ನನಗೆ. ಉಳಿದೆರಡು ಆಕೆಗೆ. ಸಮೀಕ್ಷೆಯ ಇಂಜಿನಿಯರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಸ್ಪತ್ರೆ ರಸ್ತೆಯಲ್ಲಿ ದಿನಕ್ಕೆ ಮೂರೂವರೆ ಸಾವಿರಕ್ಕಿಂತ ಹೆಚ್ಚು ಗಾಡಿ ಓಡಾಡಿದರೆ ಈ ಕೂಡುರಸ್ತೆ ಯೋಜನೆಗೆ ಸೇರುತ್ತದೆ, ರಸ್ತೆ ಅಗಲಿಸಿ ನಡೆಯುವವರಿಗೆ ಕೆಳಗಡೆಯಿಂದ ದಾರಿ ಮಾಡುತ್ತಾರೆ ಎಂದು ವಿವರಿಸಿದಳು. "ಎಣಿಸೋದಷ್ಟೇ ಸರ್ ನಿಮ್ಮ ಕೆಲಸ. ಅಂದಾಜು ಮಾತ್ರ ಬರೀಬೇಡಿ."

ನನಗೆ ಹೇಳಿಕೊಡುತ್ತಾಳೆ.

ಮಾರ್ಚ್ 10, ಸೋಮವಾರ

ಕೆಲಸ ಕೈಗೆ ಹತ್ತಿದೆ. ಬೆಳಿಗ್ಗೆ ಎಂಟರಿಂದ ಹತ್ತು ದ್ವಿಚಕ್ರಗಳ ಪ್ರವಾಹ. ಹನ್ನೊಂದಕ್ಕೆ ಆಸ್ಪತ್ರೆಗೆ ಹೋಗುವವರು ಒಬ್ಬರನ್ನೊಬ್ಬರು ಹಿಡಿದುಕೊಂಡು ರಸ್ತೆ ದಾಟುತ್ತಾರೆ. ಕಾಲಿಗೆ ಪಟ್ಟಿ ಕಟ್ಟಿದವರು, ಬಸುರಿಯರು, ಕೈಯಲ್ಲಿ ಎಕ್ಸ್‌ರೇ ಹಾಳೆ ಹಿಡಿದವರು. ಅವರಿಗೆ ಕಾಲಂ ಇಲ್ಲ.

ಆಸ್ಪತ್ರೆ ರಸ್ತೆಯ ಮೂಲೆಯಲ್ಲೇ ನನ್ನ ತಮ್ಮನ ಟೈರು ಅಂಗಡಿ. ಹತ್ತೊಂಬತ್ತು ವರ್ಷದ ಅಂಗಡಿ. ರಸ್ತೆ ಅಗಲವಾದರೆ ಮೊದಲು ಹೋಗುವುದು ಅದೇ. ಮಧ್ಯಾಹ್ನ ಕೈ ಒರೆಸಿಕೊಳ್ಳುತ್ತ ಬಂದು ಕುರ್ಚಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ.

"ಅಣ್ಣ, ಎಷ್ಟಾಯ್ತು?"

"ಹೇಳೋ ಹಾಗಿಲ್ಲ."

"ದಿನಕ್ಕೊಂದಿಷ್ಟು ಗೀಟು ಕಮ್ಮಿ ಎಳೆದ್ರೆ ನಿನ್ನ ಪೆನ್ನಿನ ಇಂಕೂ ಉಳಿಯುತ್ತೆ, ನನ್ನ ಅಂಗಡೀನೂ ಉಳಿಯುತ್ತೆ."

"ಹೋಗೋ, ಕೆಲಸ ನೋಡ್ಕೋ ಹೋಗು."

ನಗುತ್ತಲೇ ಎದ್ದ. ಆದರೆ ಅದು ನಗೆಮಾತಾಗಿರಲಿಲ್ಲ. ನಾನು ಒಂದು ಗೀಟೂ ಕಡಿಮೆ ಎಳೆಯುವುದಿಲ್ಲ. ಬರೆದಿಟ್ಟಿರುತ್ತೇನೆ.

ಮಾರ್ಚ್ 15, ಶನಿವಾರ

ಈ ಊರಿನ ಜನಕ್ಕೆ ನಡೆಯುವುದಕ್ಕೇ ಬರುವುದಿಲ್ಲ. ಊರುಗೋಲಿನ ಮನುಷ್ಯನೊಬ್ಬ ಎಲ್ಲಿಂದಲೋ ಧುತ್ತೆಂದು ಬಂದು ನನಗೆ ಡಿಕ್ಕಿ ಹೊಡೆದ. ಹೊಡೆದದ್ದಲ್ಲದೆ "ಕಣ್ಣು ಕಾಣಲ್ವೇನ್ರೀ" ಎಂದು ನನ್ನನ್ನೇ ಬೈದ. ಟೀ ಲೋಟ ಉರುಳಿ ಎರಡು ಹಾಳೆ ಒದ್ದೆಯಾದವು. ಕಂಡಕ್ಟರಮ್ಮ ಹೊಸ ಹಾಳೆಗೆ ಅಂಕಿ ಇಳಿಸಿಕೊಟ್ಟರು.

ಮಾರ್ಚ್ 22, ಶನಿವಾರ

ಇಂಜಿನಿಯರ್ ಬಂದು ಒಂದು ಹಾಳೆಯನ್ನು ನನ್ನ ಮುಂದೆ ಹಿಡಿದಳು. ಪರೀಕ್ಷೆಗೆಂದು ಬುಧವಾರ ಕಂಬಕ್ಕೆ ಕ್ಯಾಮೆರಾ ಕಟ್ಟಿದ್ದರಂತೆ. ನನಗೆ ಹೇಳಿರಲಿಲ್ಲ.

ಎದುರಿನ ರಸ್ತೆ: ಕ್ಯಾಮೆರಾ 5,316, ನಾನು 5,290.
ಆಸ್ಪತ್ರೆ ರಸ್ತೆ: ಕ್ಯಾಮೆರಾ 4,187, ನಾನು 2,904.

"ಒಂದು ರಸ್ತೆ ಸರಿಯಾಗಿದೆ ಸರ್, ಇನ್ನೊಂದೇ ಇಷ್ಟು ಕಮ್ಮಿ ಯಾಕೆ?" ಅಂದಳು. ಕ್ಯಾಮೆರಾ ಕೆಟ್ಟಿರಬೇಕು ಎಂದೆ. ಅವಳು ಮೂಲೆಯ ಕಡೆ ನೋಡಿ, "ಆ ಟೈರು ಅಂಗಡಿ ನಿಮ್ಮ ತಮ್ಮನದ್ದಂತೆ, ಹೌದಾ?" ಎಂದು ಮೆತ್ತಗೆ ಕೇಳಿದಳು.

ಇಪ್ಪತ್ತೇಳು ವರ್ಷದಲ್ಲಿ ನನ್ನನ್ನು ಕಳ್ಳ ಎಂದವರಿಲ್ಲ. ಅವಳೂ ಅನ್ನಲಿಲ್ಲ. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ತಿಂಗಳ ಕೊನೆವರೆಗೆ ಮುಂದುವರಿಸಿ" ಎಂದು ಹೋದಳು.

ಮಾರ್ಚ್ 23, ಭಾನುವಾರ

ಸುದ್ದಿ ತಮ್ಮನಿಗೂ ಹೇಗೋ ತಲುಪಿದೆ. ಬೆಳಿಗ್ಗೆಯೇ ಒಂದು ಚೀಲ ಹಣ್ಣು ಹಿಡಿದು ಬಂದ. ನನ್ನ ಹೆಗಲ ಮೇಲೆ ಕೈಯಿಟ್ಟು, "ಬಾಯಲ್ಲಿ ಬೈದ್ರೂ ನೀನು ಕೈ ಬಿಡಲ್ಲ ಅಂತ ಗೊತ್ತಿತ್ತು ಅಣ್ಣ" ಅಂದ. ನಾನು ಏನೂ ಮಾಡಿಲ್ಲವೋ ಎಂದೆ. "ಹೌದೌದು, ನೀನೇನೂ ಮಾಡಿಲ್ಲ" ಎಂದು ಕಣ್ಣು ಮಿಟುಕಿಸಿದ. ಇಂಜಿನಿಯರ್ ಕೇಳಿದ್ದಕ್ಕಿಂತ ಇದು ಹೆಚ್ಚು ಚುಚ್ಚಿತು.

ಅವನು ಹೋದ ಮೇಲೆ ಹೆಂಡತಿಗೆ ಎಲ್ಲ ಹೇಳಿದೆ. ಬಟ್ಟೆ ಮಡಚುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ನೀವು ಸುಳ್ಳು ಬರೆಯೋರಲ್ಲ" ಅಂದಳು.

"ಅದೇ ಮತ್ತೆ."

"ಕ್ಯಾಮೆರಾನೂ ಸುಳ್ಳು ಹೇಳಲ್ಲ. ಹಾಗಾದ್ರೆ ನಿಮಗೆ ಕಾಣಿಸ್ತಿಲ್ಲ."

ದೂರದ ಗೋಡೆಯ ಕ್ಯಾಲೆಂಡರಿನ ಸಣ್ಣಕ್ಷರ ಓದಿ ತೋರಿಸಿದೆ. ಅವಳು ಕೇಳಲಿಲ್ಲ. "ಕ್ಯಾಲೆಂಡರನ್ನೇ ನೋಡ್ತಿರಿ" ಎಂದು ಪಕ್ಕಕ್ಕೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು, "ಈಗ ನಾನು ಏನು ಹಿಡ್ಕೊಂಡಿದೀನಿ?" ಅಂದಳು. ಅಡುಗೆಮನೆಗೆ ಹೋಗಿರಬೇಕು ಎಂದುಕೊಂಡಿದ್ದೆ. ತಿರುಗಿದರೆ ನನ್ನ ಎಡಗಿವಿಗೆ ಒಂದು ಮೊಳ ದೂರದಲ್ಲಿ ನಿಂತು ಸೌಟು ಅಲ್ಲಾಡಿಸುತ್ತಿದ್ದಾಳೆ.

"ಎರಡು ವರ್ಷದಿಂದ ನಿಮ್ಮ ನೀರಿನ ಲೋಟ ಬಲಗಡೆ ಇಡ್ತಿದೀನಿ" ಅಂದಳು. "ಎಡಗಡೆ ಇಟ್ರೆ ಉರುಳಿಸ್ತೀರಿ. ಗಡಿಬಿಡಿ ಮನುಷ್ಯ ಅಂದ್ಕೊಂಡಿದ್ದೆ."

ಮಾರ್ಚ್ 26, ಬುಧವಾರ

ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆವು.

ಮೊದಲು ಅಕ್ಷರದ ಬೋರ್ಡು. ಕೊನೆಯ ಸಾಲಿನವರೆಗೂ ಓದಿದೆ. ಹೆಂಡತಿಯ ಕಡೆ ನೋಡಿದೆ. ಆಮೇಲೆ ಕತ್ತಲ ಕೋಣೆಯಲ್ಲಿ ಒಂದು ದೊಡ್ಡ ಬೋಗುಣಿಯಂಥ ಯಂತ್ರಕ್ಕೆ ಮುಖವಿಟ್ಟು ಕೂರಿಸಿದರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ಯಂತ್ರ ಹಳೆಯದು. ನಡುನಡುವೆ ಎಷ್ಟೋ ಹೊತ್ತು ನಿಂತುಬಿಡುತ್ತಿತ್ತು. ಹೊರಗೆ ಬಂದು, "ನಿಮ್ಮ ಯಂತ್ರ ಕೆಟ್ಟಿದೆ, ನೋಡಿಸಿ" ಎಂದೆ. ಅಲ್ಲಿದ್ದಾಕೆ, "ಅದು ನಿಲ್ಲೋದಿಲ್ಲ ಸರ್, ಒಂದು ಕ್ಷಣಾನೂ" ಅಂದಳು.

ಡಾಕ್ಟರು ಎರಡು ವೃತ್ತ ಬರೆದು ತೋರಿಸಿದರು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಒಣಗುವ ಕಾಯಿಲೆ, ಗ್ಲಾಕೋಮಾ. ಎಡಗಣ್ಣಿನಲ್ಲಿ ನೇರ ನೋಟ ಮಾತ್ರ ಉಳಿದಿದೆ. ಬಲಗಣ್ಣಿನಲ್ಲಿ ಮೂಗಿನ ಕಡೆಯ ಭಾಗ ಹೋಗಿದೆ. ಎರಡೂ ಸೇರಿ ನನಗೆ ಎಡಗಡೆ ಎಂಬುದೇ ಇಲ್ಲ.

"ಕಪ್ಪಗೆ ಏನೂ ಕಾಣಲ್ವಲ್ಲ ಡಾಕ್ಟ್ರೇ?"

"ಕಾಣಲ್ಲ. ಇಲ್ಲದೆ ಇರೋದು ಇಲ್ಲ ಅಂತ ಗೊತ್ತಾಗಲ್ಲ. ಮಿದುಳು ಅಕ್ಕಪಕ್ಕದ್ದನ್ನ ಎಳೆದು ತೇಪೆ ಹಾಕುತ್ತೆ."

ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು. ದಿನಕ್ಕೆ ಎರಡು ಸಲ ಹನಿ, ಮುಂದೆ ಒಂದು ಶಸ್ತ್ರಚಿಕಿತ್ಸೆ. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ. ಮೂರ್ನಾಲ್ಕು ವರ್ಷವಾದರೂ ಆಗಿರಬೇಕು ಅಂದರು. ಏನು ಕೆಲಸ ಮಾಡುತ್ತೀರಿ ಎಂದು ಅವರು ಕೇಳಿದರು.

"ಗಾಡಿ ಎಣಿಸ್ತೀನಿ" ಎಂದೆ. ಸುಳ್ಳಲ್ಲ.

ಮಾರ್ಚ್ 27, ಗುರುವಾರ

ಬರೆಯಲು ಏನಿಲ್ಲ.

ಮಾರ್ಚ್ 28, ಶುಕ್ರವಾರ

ಎಡಕ್ಕೆ ಕತ್ತು ತಿರುಗಿಸಿ ತಿರುಗಿಸಿ ಎಣಿಸಿದೆ. ಆಸ್ಪತ್ರೆ ರಸ್ತೆ 4,122. ಕತ್ತು ನೋಯುತ್ತಿದೆ.

ಮಾರ್ಚ್ 31, ಸೋಮವಾರ

ಎಣಿಕೆಯ ಕೊನೆಯ ದಿನ. ಕಂಡಕ್ಟರಮ್ಮನಿಗೆ ಕಾಯಿಲೆಯ ವಿಷಯ ಹೇಳಿದೆ. ಆಕೆಗೆ ಆಶ್ಚರ್ಯವಾಗಲಿಲ್ಲ.

"ನಿಮಗೆ ಗೊತ್ತಿತ್ತಾ?"

ಹಲಗೆಯ ಕ್ಲಿಪ್ಪನ್ನು ತೆರೆಯುತ್ತ ಮುಚ್ಚುತ್ತ ಕೂತಿದ್ದರು. "ಇಂಥ ಕಾಯಿಲೆ ಅಂತ ಗೊತ್ತಿರ್ಲಿಲ್ಲ ಡ್ರೈವರಣ್ಣ. ಆದ್ರೆ ನೀವು ಎಡಗಡೆ ಕನ್ನಡಿ ನೋಡೋದು ಬಿಟ್ಟಿದ್ರಿ. ಒಂದ್ಸಲ ಒಬ್ಬ ಅಜ್ಜಿ ಇನ್ನೂ ಮೆಟ್ಟಿಲ ಮೇಲೆ ಇದ್ದಾಗಲೇ ಗಾಡಿ ಎಳೆದ್ರಿ. ನಾನು ಅವರ ರಟ್ಟೆ ಹಿಡ್ಕೊಂಡೆ. ಅವತ್ತಿಂದ ನಾನು ಸೀಟಲ್ಲಿ ಕೂತೇ ಇಲ್ಲ."

ನೆನಪಾಯಿತು. ಸೀಟು ಖಾಲಿಯಿದ್ದರೂ ಬಾಗಿಲಲ್ಲೇ ನೇತಾಡುತ್ತಾರೆ ಎಂದು ನಾನು ಆಕೆಯನ್ನು ಗೇಲಿ ಮಾಡುತ್ತಿದ್ದೆ. ಪ್ರತಿ ತಿರುವಿನಲ್ಲೂ "ಎಡಗಡೆ ಸೈಕಲ್, ಎಡಗಡೆ ಸ್ಕೂಟರ್" ಎಂದು ಕೂಗುತ್ತಿದ್ದರು. ಗಂಟಲು ದೊಡ್ಡದು ಎಂದುಕೊಂಡಿದ್ದೆ.

"ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನಿಮ್ಮನ್ನ ಇಳಿಸ್ತಿದ್ರು. ಮಗಳ ಮದುವೆ ಹತ್ರ ಇತ್ತು ನಿಮಗೆ. ತಪ್ಪು ಮಾಡಿದೆ ಅಂತ ಈಗ ಅನ್ಸುತ್ತೆ."

ಹಾಳೆಗಳನ್ನು ಒಪ್ಪಿಸಿ, ಕುರ್ಚಿ ಮಡಚಿ ಎದ್ದೆವು. ಆಕೆ ರಸ್ತೆ ದಾಟಿ ಹೋಗುವವರೆಗೂ ನೋಡಿದೆ.

ಏಪ್ರಿಲ್ 4, ಶುಕ್ರವಾರ

ತರಬೇತಿಯ ಪತ್ರ ಬಂತು. ಹದಿನಾಲ್ಕಕ್ಕೆ ಶುರು. ಮುಗಿದರೆ ಹೊಸ ಡಿಪೋದಲ್ಲಿ ಖಾಯಂ ಕೆಲಸ.

ಇವತ್ತು ವೈದ್ಯಕೀಯ ತಪಾಸಣೆಯೂ ಆಯಿತು. ಇಲಾಖೆಯ ಡಾಕ್ಟರ ಮುಂದೆ ಸಾಲುಗಟ್ಟಿ ನಿಂತಿದ್ದೆವು. ತೂಕ, ರಕ್ತದೊತ್ತಡ, ಅಕ್ಷರದ ಬೋರ್ಡು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದೆ. "ಈ ವಯಸ್ಸಲ್ಲೂ ಹದ್ದಿನ ಕಣ್ಣು" ಎಂದು ಮೊಹರು ಒತ್ತಿದರು. ಅವರು ಬೇರೇನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೊಸ ಬಸ್ಸಿನ ಎಡಬದಿಗೆ ಕ್ಯಾಮೆರಾ ಇದೆಯಂತೆ. ಡ್ರೈವರನ ಮುಂದೆ ಪರದೆಯಲ್ಲಿ ಎಲ್ಲ ಕಾಣುತ್ತದೆ. ಕತ್ತು ತಿರುಗಿಸುವ ಅಭ್ಯಾಸವೂ ಆಗಿದೆ. ಹನಿಯೂ ಬೀಳುತ್ತಿದೆ.

ಹೆಂಡತಿ ಪತ್ರವನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟಳು.

ಏಪ್ರಿಲ್ 8, ಮಂಗಳವಾರ

ಇಂಜಿನಿಯರ್ ಫೋನ್ ಮಾಡಿದ್ದಳು. ಕ್ಯಾಮೆರಾ ಕಟ್ಟಿದ್ದು ಒಂದೇ ದಿನವಾದ್ದರಿಂದ ಮುಖ್ಯ ಕಚೇರಿ ಕೈ ಎಣಿಕೆಯನ್ನೇ ಒಪ್ಪಿದೆಯಂತೆ. ನಾನು ಕತ್ತು ತಿರುಗಿಸಿ ಎಣಿಸಿದ ಕೊನೆಯ ದಿನಗಳ ಅಂಕಿ ಉಳಿದವುಗಳ ಜೊತೆ ಹೊಂದುವುದಿಲ್ಲವೆಂದು ಅವನ್ನು ಮಾತ್ರ ಬಿಟ್ಟಿದ್ದಾರೆ. ಲೆಕ್ಕ ಮೂರು ಸಾವಿರದ ಒಳಗೇ ನಿಂತಿದೆ. ಕೂಡುರಸ್ತೆ ಯೋಜನೆಯಲ್ಲಿಲ್ಲ.

"ನಾನು ಇನ್ನೇನೂ ಬರೆಯಲ್ಲ ಸರ್. ನೀವು ಡ್ರೈವರ್ ಕೆಲಸಕ್ಕೆ ಹೋಗೋರು, ನಿಮಗೆ ತೊಂದರೆ ಆಗೋದು ಬೇಡ" ಅಂದಳು. ಕಳ್ಳನಿಗೆ ಕ್ಷಮೆ ಕೊಡುವ ದನಿ. ಬಾಯಿ ತೆರೆದರೆ ನಾನು ಕಳ್ಳನಲ್ಲ ಎಂದು ಒಂದೇ ಮಾತಿನಲ್ಲಿ ತೋರಿಸಬಹುದಿತ್ತು. ಆ ಒಂದು ಮಾತಿಗೆ ಬಸ್ಸು ಹೋಗುತ್ತಿತ್ತು. "ಆಗಲಿ ಮೇಡಂ" ಎಂದೆ.

ಸಂಜೆ ಆ ಕಡೆ ಹೋದಾಗ ತಮ್ಮ ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಹೊಡೆಯುತ್ತಿದ್ದ. ಯಾರಿಗೂ ನಷ್ಟವಿಲ್ಲ. ಆಸ್ಪತ್ರೆಗೆ ಹೋಗುವವರು ಮೊದಲಿನಿಂದಲೂ ಹೀಗೇ ದಾಟುತ್ತಿದ್ದಾರೆ.

ಇದನ್ನು ಬರೆದು ಓದಿದೆ. ಹೊಡೆದುಹಾಕೋಣ ಎನ್ನಿಸಿತು. ಇರಲಿ.

ಏಪ್ರಿಲ್ 14, ಸೋಮವಾರ

ಹೊಸ ಡಿಪೋದಲ್ಲಿ ನೆಲಕ್ಕೆ ಎಣ್ಣೆಯ ಕಲೆಯಿಲ್ಲ. ಬಸ್ಸುಗಳು ಫ್ರಿಜ್ಜಿನ ಹಾಗೆ ಬೆಳ್ಳಗೆ ಸಾಲಾಗಿ ನಿಂತಿವೆ. ಗುಂಡಿ ಒತ್ತಿದರೆ ಸದ್ದೇ ಇಲ್ಲ. ಶುರುವಾಯಿತೋ ಇಲ್ಲವೋ ಎಂದು ನಾನು ಇನ್ನೊಮ್ಮೆ ಒತ್ತಿದೆ. ಎಲ್ಲರೂ ನಕ್ಕರು.

ಅಂಗಳದಲ್ಲಿ ಕಿತ್ತಳೆ ಬಣ್ಣದ ಶಂಕುಗಳನ್ನಿಟ್ಟು ದಾರಿ ಮಾಡಿದ್ದರು. ಎರಡು ಸುತ್ತು ಓಡಿಸಿದೆ. ಒಂದೂ ಬೀಳಲಿಲ್ಲ. ಗಾಡಿ ಬೆಣ್ಣೆಯ ಹಾಗೆ ತಿರುಗುತ್ತದೆ. ನನ್ನ ಮೈಗೆ ಆ ಸೀಟು ಎಷ್ಟು ಬೇಕಾಗಿತ್ತು ಎಂಬುದು ಕೂತ ಮೇಲೇ ಗೊತ್ತಾಯಿತು. ಕಲಿಸುವಾತ ನನ್ನ ಅರ್ಧ ವಯಸ್ಸಿನವನು. "ಕೈ ಅಂದ್ರೆ ಇದು ಸರ್. ಹದಿನೈದು ದಿನದಲ್ಲಿ ನಿಮ್ಮನ್ನ ರೋಡಿಗೆ ಬಿಡ್ತೀವಿ" ಅಂದ.

ಮೂರನೆಯ ಸುತ್ತಿಗೆ ಬಾಗಿಲು ತೆಗೆದು ಮುಚ್ಚುವ ಅಭ್ಯಾಸ. ಜನರ ಬದಲಿಗೆ ಉಳಿದ ಡ್ರೈವರುಗಳೇ ಹತ್ತಿ ಇಳಿದರು. ಬಾಗಿಲು ಮುಚ್ಚಿ ಹೊರಡುವ ಮುನ್ನ ನಾನು ಕಾದೆ. ಏನಕ್ಕೆ ಕಾಯುತ್ತಿದ್ದೇನೆಂದು ಮೊದಲು ಹೊಳೆಯಲಿಲ್ಲ. "ರೈಟ್ ರೈಟ್" ಎನ್ನುವ ದನಿಗೆ ಕಾಯುತ್ತಿದ್ದೆ.

"ಹೊರಡಿ ಸರ್" ಅಂದ ಕಲಿಸುವಾತ.

"ಎಡಗಡೆ ಬಾಗಿಲಲ್ಲಿ ಯಾರು ನಿಲ್ತಾರೆ?"

"ಯಾರೂ ಇಲ್ಲ. ಪರದೇಲಿ ನೀವೇ ನೋಡ್ಕೋಬೇಕು."

ಪರದೆ ಎಡಗಡೆಯ ಮೂಲೆಯಲ್ಲಿತ್ತು. ಅದು ಅಲ್ಲಿದೆ ಎಂದು ನನಗೆ ತಿಳಿದದ್ದು ಅವನು ಬೆರಳು ಮಾಡಿ ತೋರಿಸಿದಾಗ. ಎರಡು ಸುತ್ತನ್ನೂ ನಾನು ಅದನ್ನು ನೋಡದೆಯೇ ಓಡಿಸಿದ್ದೆ. ಶಂಕು ಬೀಳದ್ದು ಅದೃಷ್ಟ.

ಗಾಡಿ ಆರಿಸಿ ಇಳಿದೆ. ಕಣ್ಣಿನ ವಿಷಯ ಹೇಳಿದೆ. ಅವನು ನನ್ನ ಫೈಲಿನಲ್ಲಿದ್ದ ಮೊಹರನ್ನೂ ನನ್ನ ಮುಖವನ್ನೂ ನೋಡಿದ. "ಮೊದಲೇ ಹೇಳ್ಬಾರ್ದಿತ್ತಾ ಸರ್" ಅಂದ. ಹೇಳಬೇಕಿತ್ತು ಎಂದೆ.

ಮನೆಗೆ ನಡೆದುಕೊಂಡೇ ಬಂದೆ.

ಏಪ್ರಿಲ್ 15, ಮಂಗಳವಾರ

ಸಮೀಕ್ಷೆ ಕಚೇರಿಗೆ ಹೋಗಿ ಪತ್ರ ಕೊಟ್ಟೆ. ಆಸ್ಪತ್ರೆಯ ಡಾಕ್ಟರು ಬರೆದ ಆ ಎರಡು ವೃತ್ತಗಳ ನಕಲನ್ನೂ ಲಗತ್ತಿಸಿದ್ದೆ. ಆಸ್ಪತ್ರೆ ರಸ್ತೆಯ ನನ್ನ ಹಾಳೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಕೊನೆಯ ದಿನಗಳವೇ ಸರಿಯಾದವು ಎಂದು ಬರೆದಿದ್ದೆ.

ಇಂಜಿನಿಯರ್ ಓದಿ ಎದ್ದು ನಿಂತಳು. "ನಾನು ನಿಮ್ಮ ಬಗ್ಗೆ ಬೇರೆ ಥರ ಯೋಚನೆ ಮಾಡಿದ್ದೆ. ತಪ್ಪಾಯ್ತು ಸರ್" ಅಂದಳು.

"ನಿಮ್ಮ ಲೆಕ್ಕ ಸರಿಯಾಗೇ ಇತ್ತಮ್ಮ" ಎಂದೆ.

ಮತ್ತೆ ಎರಡು ವಾರ ಎಣಿಸುತ್ತಾರೆ. ಎಣಿಸಲು ಕಂಡಕ್ಟರಮ್ಮನನ್ನೇ ಕರೆಯಿರಿ ಎಂದು ಹೇಳಿ ಬಂದೆ. ಅವರ ಮನೆಗೂ ಹೋದೆ. ಡಿಪೋ ಕೊಟ್ಟ ಪ್ರಮಾಣಪತ್ರದಲ್ಲಿ ಅರ್ಧ ನಿಮ್ಮದು ಎಂದೆ. "ನನಗೇನೂ ಬೇಡಪ್ಪ, ಗೋಡೆಗೆ ಮೊಳೆ ಹೊಡೀಬೇಕಾಗುತ್ತೆ" ಎಂದು ನಕ್ಕರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಏಪ್ರಿಲ್ 17, ಗುರುವಾರ

ತಮ್ಮ ಬಂದಿದ್ದ. ಚಪ್ಪಲಿ ಬಿಡಲಿಲ್ಲ, ಹೊಸಲಲ್ಲೇ ನಿಂತ.

"ಕಣ್ಣು ಕಾಣದೆ ಬರೆದೆ ಅಂತೀಯ. ಸರಿ. ಬರೆದಾಯ್ತು, ಮುಗಿದಾಯ್ತು. ಆಮೇಲೆ ಹೋಗಿ ಕೆದಕು ಅಂತ ನಿನಗ್ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ."

"ನಿನ್ನ ಕೆಲಸಾನೂ ಹೋಯ್ತು, ನನ್ನ ಅಂಗಡೀನೂ ಹೋಯ್ತು. ಏನು ಸಿಕ್ತು ನಿನಗೆ?"

ಹೆಂಡತಿ ನೀರು ತಂದಳು. ಕುಡಿಯದೆ ಹೋದ.

ಮೇ 2, ಶುಕ್ರವಾರ

ಮರುಎಣಿಕೆ ಮುಗಿಯಿತು. ಸರಾಸರಿ 4,209. ಕೂಡುರಸ್ತೆ ಯೋಜನೆಗೆ ಸೇರಿತು. ತಮ್ಮನ ಅಂಗಡಿಯ ಗೋಡೆಗೆ ಕೆಂಪು ಗುರುತು ಹಾಕಿದ್ದಾರೆ. ಹೊಸ ಡಿಪೋದ ಹಿಂಬದಿಯಲ್ಲಿ ಬದಲಿ ಮಳಿಗೆ ಕೊಡುತ್ತಾರಂತೆ, ಅಲ್ಲಿ ಗಿರಾಕಿ ಬರಲು ವರ್ಷವೇ ಹಿಡಿಯಬಹುದು. ಕಂಡಕ್ಟರಮ್ಮನನ್ನು ಇನ್ನೂ ಆರು ಕೂಡುರಸ್ತೆಗಳಿಗೆ ಮೇಲ್ವಿಚಾರಕಿಯಾಗಿ ನೇಮಿಸಿಕೊಂಡಿದ್ದಾರೆ. ನನಗೆ ಡಿಪೋದಲ್ಲಿ ವಿಚಾರಣೆ ಕಿಟಕಿಯ ಕೆಲಸ ಕೇಳಿ ಅರ್ಜಿ ಹಾಕಿದ್ದೇನೆ. ಜನ ಎದುರಿಗೇ ಬಂದು ನಿಲ್ಲುತ್ತಾರೆ.

ಹನಿ ಹಾಕುವಾಗ ಹೆಂಡತಿ ಬೀದಿಯ ಸುದ್ದಿಯೆಲ್ಲ ಹೇಳುತ್ತಾಳೆ. ಕಣ್ಣು ಮುಚ್ಚಿ ಐದು ನಿಮಿಷ ಕೂರಬೇಕು. ಈಚೆಗೆ ಹತ್ತು ನಿಮಿಷ ಆಗುತ್ತಿದೆ.

ಮೇ 12, ಸೋಮವಾರ

ಇವತ್ತು ಶಸ್ತ್ರಚಿಕಿತ್ಸೆಗೆ ಮೊದಲಿನ ತಪಾಸಣೆ. ಹೆಂಡತಿ ನನ್ನ ಜೊತೆ ಹೊರಡುವಷ್ಟರಲ್ಲಿ ಬಾಗಿಲಲ್ಲಿ ತಮ್ಮ ನಿಂತಿದ್ದ. ಅವಳೇ ಹೇಳಿಕಳಿಸಿದ್ದಳೋ ಏನೋ, ನಾನು ಕೇಳಲಿಲ್ಲ. ಅವನು ನನ್ನ ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದೆ ನಡೆದ. ಹೆಂಡತಿ ಹೊಸಲಲ್ಲೇ ಉಳಿದಳು, ನಾನು ಅವನ ಹಿಂದೆ ಹೊರಟೆ. ಇಪ್ಪತ್ತೈದು ದಿನದಿಂದ ನಮ್ಮ ನಡುವೆ ಮಾತಿಲ್ಲ.

ಅಂಗಡಿಯ ಶಟರು ಅರ್ಧ ಇಳಿದಿತ್ತು. ಒಳಗೆ ಟೈರುಗಳನ್ನು ಹಗ್ಗದಲ್ಲಿ ಕಟ್ಟಿಟ್ಟಿದ್ದ. ಅದನ್ನು ಇಬ್ಬರೂ ನೋಡದವರ ಹಾಗೆ ಹಾದುಹೋದೆವು.

ಆಸ್ಪತ್ರೆ ರಸ್ತೆ ದಾಟಬೇಕಾಗಿತ್ತು. ಸುರಂಗ ದಾರಿಗೆ ಇನ್ನೂ ಮಣ್ಣು ಅಗೆದಿಲ್ಲ. ಅಂಚಿನಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು, ನಾವೂ ನಿಂತೆವು. ನಾನು ಕತ್ತು ತಿರುಗಿಸಿ ನೋಡಬಹುದಿತ್ತು. ತಿರುಗಿಸಲಿಲ್ಲ.

"ಎಡಗಡೆಯಿಂದ ಏನಾದ್ರೂ ಬರ್ತಿದೆಯೇನೋ?" ಎಂದು ಕೇಳಿದೆ.

ಅವನು ಫೈಲನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡ. ಕೇಳಿಸಿಲ್ಲವೇನೋ ಅಂದುಕೊಂಡೆ.

"ಲಾರಿ ಬರ್ತಿದೆ. ನಿಲ್ಲು" ಅಂದ.

ಲಾರಿ ಹೋಯಿತು. ಅದರ ಹಿಂದೆ ಎರಡು ಸ್ಕೂಟರಂತೆ, ಅದನ್ನೂ ಹೇಳಿದ. ಆಮೇಲೆ ನನ್ನ ಮೊಣಕೈ ಹಿಡಿದು, "ಈಗ ಬಾ ಅಣ್ಣ" ಅಂದ.

ದಾಟಿದೆವು.